ಮಗುವಿನ ಕಣ್ಣಲ್ಲಿ ಬಿಳಿ ಹೊಳಪು: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರ ಜಿಲ್ಲೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಅಂಗನವಾಡಿ, ಶಾಲೆ, ಲಸಿಕೆ ದಿನದ ಉಪಕೇಂದ್ರ ಅಂತ ಓಡಾಡುತ್ತಿರುತ್ತೇನೆ. ಮಕ್ಕಳ ಕಣ್ಣಿಗೂ ಕ್ಯಾನ್ಸರ್ ಬರುತ್ತದೆ ಎಂದರೆ ಎದುರಿಗೆ ಕೂತವರು ಮೊದಲು ನಂಬುವುದಿಲ್ಲ, ಆಮೇಲೆ ಹೆದರುತ್ತಾರೆ, ಆಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ. ಇದನ್ನು ಓದಿ ಮನೆಯಲ್ಲೇ ರೋಗ ತೀರ್ಮಾನ ಮಾಡಬೇಡಿ, ಅದು ಕಣ್ಣಿನ ವೈದ್ಯರ ಕೆಲಸ. ವೈದ್ಯರ ಹತ್ತಿರ ಯಾವಾಗ ಓಡಬೇಕು ಅನ್ನುವುದು ಗೊತ್ತಾದರೆ ಸಾಕು.

ಅಷ್ಟು ಚಿಕ್ಕ ಮಗುವಿಗೆ ಕಣ್ಣಲ್ಲಿ ಕ್ಯಾನ್ಸರ್ ಹೇಗೆ ಬರುತ್ತದೆ?

ಚಿಕ್ಕ ಮಗು ಆಗಿರುವುದರಿಂದಲೇ ಬರುತ್ತದೆ. ಕಣ್ಣಿನ ಒಳಗಡೆ, ಹಿಂದಿನ ಗೋಡೆಗೆ ಅಂಟಿಕೊಂಡ ಹಾಗೆ ಒಂದು ತೆಳ್ಳನೆ ಪದರ ಇದೆ. ಅದೇ ರೆಟಿನಾ, ಪುಸ್ತಕದ ಮಾತಲ್ಲಿ ಅಕ್ಷಿಪಟಲ. ನಾವು ನೋಡುವ ಚಿತ್ರ ಮೂಡುವುದು ಅಲ್ಲಿ. ಮಗು ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಹೊಸದರಲ್ಲಿ ಆ ಪದರದ ಜೀವಕೋಶಗಳು ಇನ್ನೂ ಬೆಳೆಯುತ್ತಾ, ಒಂದು ಎರಡಾಗುತ್ತಾ ಇರುತ್ತವೆ. ಆ ಬೆಳವಣಿಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಹೋದರೆ ಗಡ್ಡೆ ಆಗುತ್ತದೆ. ಅದಕ್ಕೆ ರೆಟಿನೊಬ್ಲಾಸ್ಟೊಮಾ ಎಂದು ಹೆಸರು. ಮಕ್ಕಳಲ್ಲಿ ಕಣ್ಣಿನ ಒಳಗೆ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು ಕಾಣುವುದು. ನೂರರಲ್ಲಿ 95 ಮಕ್ಕಳಿಗೆ ಐದು ವರ್ಷ ತುಂಬುವ ಮೊದಲೇ ಬರುತ್ತದೆ. ಎರಡೂ ಕಣ್ಣಿಗೆ ಬರುವ ಮಕ್ಕಳಲ್ಲಿ ಮೊದಲ ಹುಟ್ಟುಹಬ್ಬದ ಆಸುಪಾಸಿಗೇ ಕಾಣಿಸಿಕೊಳ್ಳುವುದು ಸಾಮಾನ್ಯ.

ಹೇಗೆ ಗೊತ್ತಾಗುತ್ತದೆ? ಮಗು ಅಳುತ್ತದಾ, ಕಣ್ಣು ನೋಯುತ್ತದಾ?

ಶುರುವಿನಲ್ಲಿ ನೋವಿಲ್ಲ. ಮಗು ಆಡುತ್ತದೆ, ಉಣ್ಣುತ್ತದೆ, ತೂಕವೂ ಸರಿಯಾಗಿರುತ್ತದೆ. ಅದಕ್ಕೇ ತಡವಾಗುವುದು. ಮೊದಲು ಕಾಣುವುದು ಕಣ್ಣಿನ ಕಪ್ಪು ಪಾಪೆಯೊಳಗೆ ಒಂದು ಬಿಳಿ ಹೊಳಪು. ದಿನವಿಡೀ ಕಾಣುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಟಿವಿ ಬೆಳಕು ಪಕ್ಕದಿಂದ ಬಿದ್ದಾಗ, ಹಾಲು ಕುಡಿಸುತ್ತಾ ತಲೆ ಬಗ್ಗಿಸಿ ನೋಡಿದಾಗ ಚಕ್ ಅಂತ ಹೊಳೆದು ಮರೆಯಾಗುತ್ತದೆ. ಇನ್ನೊಬ್ಬರಿಗೆ ತೋರಿಸೋಣ ಅಂತ ಕರೆದರೆ ಕಾಣುವುದೇ ಇಲ್ಲ. ಎಷ್ಟೋ ತಾಯಂದಿರು ‘ನನಗೇ ಏನೋ ಭ್ರಮೆ’ ಎಂದು ಸುಮ್ಮನಾಗುವುದು ಇದರಿಂದ.

ನಮ್ಮ ಕಡೆ ಇದಕ್ಕೆ ಬೆಕ್ಕಿನ ಕಣ್ಣು ಅನ್ನುತ್ತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ಪಿಲ್ಲಿ ಕಳ್ಳು. ಇಲ್ಲೊಂದು ಗೊಂದಲ ಇದೆ. ಕಂದು, ಬೂದು ಬಣ್ಣದ ಕಣ್ಣಿಗೂ ಬೆಕ್ಕಿನ ಕಣ್ಣು ಅನ್ನುತ್ತೇವಲ್ಲ, ಅದು ಪಾಪೆಯ ಸುತ್ತಲಿನ ಬಣ್ಣ. ಅದರಿಂದ ಏನೂ ತೊಂದರೆ ಇಲ್ಲ. ನಾನು ಹೇಳುತ್ತಿರುವುದು ನಟ್ಟ ನಡುವಿನ ಕಪ್ಪು ಚುಕ್ಕೆಯೊಳಗೆ ಕಾಣುವ ಬಿಳುಪು.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಒಬ್ಬ ತಾಯಿ ಎಲ್ಲರೂ ಹೋಗುವವರೆಗೂ ಕಾದಿದ್ದು ಮೊಬೈಲ್ ತೆಗೆದು ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪರದೆಯ ಗಾಜು ಒಡೆದಿತ್ತು. ನಾಮಕರಣದ ಫೋಟೋ. ಅಜ್ಜಿಯ ತೊಡೆಯ ಮೇಲೆ ಮಗು, ಹಣೆಗೆ ದೊಡ್ಡ ಕಪ್ಪು ಬೊಟ್ಟು, ಕೆನ್ನೆಗೊಂದು ದೃಷ್ಟಿಬೊಟ್ಟು. ಫ್ಲ್ಯಾಶ್ ಬಿದ್ದು ಬಲಗಣ್ಣಿನ ಪಾಪೆ ಕೆಂಡದ ಹಾಗೆ ಕೆಂಪಗಿದೆ, ಎಡಗಣ್ಣಿನದು ಹಾಲಿನ ಹನಿ ಬಿದ್ದ ಹಾಗೆ ಬೆಳ್ಳಗಿದೆ. ಆಮೇಲೆ ತೆಗೆದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಹೋದಳು. ನಾಲ್ಕರಲ್ಲಿ ಅದೇ ಬಿಳುಪು. ‘ನಾನು ಹೇಳಿದರೆ ಯಾರೂ ಕೇಳಲಿಲ್ಲ ಸಾರ್’ ಅಂದಳು.

ಆ ತಾಯಿ ಸರಿಯಾಗಿಯೇ ನೋಡಿದ್ದಳು. ಈ ಕಾಯಿಲೆಯನ್ನು ಮೊದಲು ಗುರುತಿಸುವವರು ಬಹಳ ಸಲ ತಾಯಂದಿರೇ. ಮಗುವಿನ ಕಣ್ಣಲ್ಲಿ ಏನೋ ಬೆಳ್ಳಗೆ ಕಂಡಿತು ಅಂತ ತಾಯಿ ಹೇಳಿದರೆ ಪರೀಕ್ಷೆ ಆಗುವ ತನಕ ಅದನ್ನು ನಿಜ ಎಂದೇ ತಿಳಿಯಬೇಕು.

ಫೋಟೋದಲ್ಲಿ ಬೆಳ್ಳಗೆ ಕಂಡರೆ ಕ್ಯಾನ್ಸರ್ ಎಂದೇ ಅರ್ಥವಾ?

ಇಲ್ಲ. ಹುಟ್ಟಿನಿಂದ ಬರುವ ಕಣ್ಣಿನ ಪೊರೆ, ದಿನ ತುಂಬದೆ ಹುಟ್ಟಿದ ಮಕ್ಕಳ ರೆಟಿನಾ ತೊಂದರೆ, ಒಳಗಿನ ರಕ್ತನಾಳದ ಕೆಲವು ಕಾಯಿಲೆ, ಇವುಗಳಲ್ಲೂ ಬಿಳಿ ಕಾಣುತ್ತದೆ. ಮಗು ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಾಗ ಫ್ಲ್ಯಾಶ್ ಬೆಳಕು ಕಣ್ಣಿನ ನರದ ತುದಿಗೆ ತಾಗಿ, ಏನೂ ಇಲ್ಲದ ಕಣ್ಣಿನಲ್ಲೂ ಬಿಳುಪು ತೋರಬಹುದು. ಆದರೆ ಇವುಗಳಲ್ಲಿ ಯಾವುದು ಎಂದು ಹೇಳಲು ಪಾಪೆ ಅಗಲ ಮಾಡುವ ಹನಿ ಹಾಕಿ ಒಳಗೆ ನೋಡಲೇಬೇಕು. ಪೊರೆಯೇ ಆಗಿದ್ದರೂ ಮಗುವಿನ ವಿಷಯದಲ್ಲಿ ಅದು ಬೇಗ ಆಪರೇಷನ್ ಬೇಡುವ ತೊಂದರೆ. ಹಾಗಾಗಿ ಯಾವ ಲೆಕ್ಕದಲ್ಲೂ ಕಾಯುವುದರಿಂದ ಲಾಭವಿಲ್ಲ.

ಮೆಳ್ಳಗಣ್ಣು ಅದೃಷ್ಟ ಅಂತಾರಲ್ಲ?

ಅಂತಾರೆ. ಆ ಮಾತಿನಿಂದ ಕಣ್ಣು ಕಳೆದುಕೊಂಡ ಮಕ್ಕಳಿದ್ದಾರೆ. ಬಿಳಿ ಹೊಳಪಿನ ನಂತರ ಈ ಕಾಯಿಲೆಯ ಎರಡನೇ ಗುರುತು ಮೆಳ್ಳಗಣ್ಣು. ಗಡ್ಡೆ ರೆಟಿನಾದ ನಡುಭಾಗದಲ್ಲಿ ಕೂತರೆ ಆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಾಣದ ಕಣ್ಣು ನೆಟ್ಟಗೆ ನಿಲ್ಲದೆ ಓರೆಯಾಗುತ್ತದೆ. ಎಲ್ಲ ಮೆಳ್ಳಗಣ್ಣೂ ಕ್ಯಾನ್ಸರ್ ಅಲ್ಲ, ಬಹುಪಾಲು ಕನ್ನಡಕದಿಂದಲೋ ಚಿಕ್ಕ ಆಪರೇಷನ್‌ನಿಂದಲೋ ಸರಿಹೋಗುವಂಥವು. ಹುಟ್ಟಿದ ಮೊದಲ ಕೆಲವು ವಾರ ಮಗುವಿನ ಕಣ್ಣು ಅತ್ತಿತ್ತ ಓಡುವುದು ಸಹಜ. ನಾಲ್ಕು ತಿಂಗಳಾದ ಮೇಲೂ ಓರೆ ಇದ್ದರೆ ಹನಿ ಹಾಕಿಸಿ ಒಳಗೆ ತೋರಿಸಿ. ‘ದೊಡ್ಡವನಾದರೆ ಸರಿಹೋಗುತ್ತೆ’ ಎಂದು ಯಾರೇ ಹೇಳಲಿ.

ಮದ್ದಿಗೆ ಬಗ್ಗದ ಕಣ್ಣಿನ ಕೆಂಪು, ಊತ, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಕೊನೆಗೆ ಕಣ್ಣುಗುಡ್ಡೆ ಹೊರಗೆ ಬರುವುದು, ಇವು ತಡವಾದ ಗುರುತುಗಳು.

ಇದು ನಮ್ಮಂಥ ಬಡವರಿಗೇ ಬರುವ ಕಾಯಿಲೆಯಾ? ಬೇರೆ ದೇಶದಲ್ಲಿ ಇಲ್ಲವಾ?

ಈ ಪ್ರಶ್ನೆಗೆ ಸ್ವಲ್ಪ ದೊಡ್ಡದಾಗಿ ಉತ್ತರ ಕೊಡಬೇಕು, ಯಾಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ.

ಹುಟ್ಟುವ ಸುಮಾರು 16ರಿಂದ 18 ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಈ ಕಾಯಿಲೆ ಬರುತ್ತದೆ. ಲಂಡನ್ನಿನಲ್ಲೂ ಅಷ್ಟೇ, ಮುಳಬಾಗಿಲಿನಲ್ಲೂ ಅಷ್ಟೇ. ಜಾತಿ, ಬಣ್ಣ, ಹವೆ, ಊಟ ಯಾವುದರಿಂದಲೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 8ರಿಂದ 9 ಸಾವಿರ ಮಕ್ಕಳಿಗೆ ಹೊಸದಾಗಿ ಬರುತ್ತದೆ ಎಂಬ ಅಂದಾಜಿದೆ. ಮಕ್ಕಳು ಎಲ್ಲಿ ಹೆಚ್ಚು ಹುಟ್ಟುತ್ತಾರೋ ಅಲ್ಲಿ ರೋಗಿಗಳೂ ಹೆಚ್ಚು, ಅಂದರೆ ಏಷ್ಯಾ ಮತ್ತು ಆಫ್ರಿಕಾದಲ್ಲಿ. ಒಂದೇ ದೇಶದ ಲೆಕ್ಕ ತೆಗೆದರೆ ಭಾರತಕ್ಕೇ ಮೊದಲ ಸ್ಥಾನ, ವರ್ಷಕ್ಕೆ ಒಂದೂವರೆ ಸಾವಿರದ ಮೇಲೆ.

ಬರುವುದರಲ್ಲಿ ಬಡವ ಬಲ್ಲಿದ ಅಂತಿಲ್ಲ, ಬದುಕಿ ಉಳಿಯುವುದರಲ್ಲಿ ಇದೆ. 2017ರಲ್ಲಿ 153 ದೇಶಗಳಲ್ಲಿ ಈ ಕಾಯಿಲೆ ಪತ್ತೆಯಾದ 4,351 ಮಕ್ಕಳ ಮಾಹಿತಿಯನ್ನು ವೈದ್ಯರು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದರು. ನೂರರಲ್ಲಿ 85 ಮಕ್ಕಳು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಶ್ರೀಮಂತ ದೇಶಗಳಲ್ಲಿ ಅರ್ಧದಷ್ಟು ಮಕ್ಕಳಿಗೆ 14 ತಿಂಗಳು ತುಂಬುವಷ್ಟರಲ್ಲೇ ಕಾಯಿಲೆ ಪತ್ತೆಯಾಗಿತ್ತು. ತೀರ ಬಡ ದೇಶಗಳಲ್ಲಿ ಅರ್ಧದಷ್ಟು ಮಕ್ಕಳು ಪತ್ತೆಯಾಗುವ ಹೊತ್ತಿಗೆ ಎರಡೂವರೆ ವರ್ಷ ಕಳೆದಿತ್ತು. ಶ್ರೀಮಂತ ದೇಶದ ನೂರು ಮಕ್ಕಳಲ್ಲಿ ಒಂದಿಬ್ಬರಿಗೆ ಮಾತ್ರ ಗಡ್ಡೆ ಕಣ್ಣಿನಿಂದ ಆಚೆ ದಾಟಿತ್ತು. ಬಡ ದೇಶಗಳಲ್ಲಿ ನೂರಕ್ಕೆ 49 ಮಕ್ಕಳಿಗೆ ದಾಟಿತ್ತು.

ಅದೇ ವರ್ಷದ ಮಕ್ಕಳನ್ನು ಮೂರು ವರ್ಷದ ತನಕ ಗಮನಿಸಿದಾಗ ಶ್ರೀಮಂತ ದೇಶಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಕ್ಕಳು ಬದುಕಿದ್ದರು. ನಮ್ಮ ದೇಶ ಸೇರುವ ಕೆಳ ಮಧ್ಯಮ ಆದಾಯದ ಗುಂಪಿನಲ್ಲಿ ಸುಮಾರು 80. ತೀರ ಬಡ ದೇಶಗಳಲ್ಲಿ 57. ಕಾಯಿಲೆ ಅದೇ, ಕೊಡುವ ಔಷಧಿಯೂ ಹೆಚ್ಚುಕಮ್ಮಿ ಅವೇ. ಬಿಳಿ ಹೊಳಪು ಕಂಡ ದಿನಕ್ಕೂ ಸರಿಯಾದ ವೈದ್ಯರ ಮುಂದೆ ಕೂತ ದಿನಕ್ಕೂ ನಡುವೆ ಎಷ್ಟು ತಿಂಗಳು ಹೋಯಿತು, ಶುರು ಮಾಡಿದ ಚಿಕಿತ್ಸೆಯನ್ನು ಪೂರ್ತಿ ಮುಗಿಸಿದರಾ ಇಲ್ಲವಾ, ಮಕ್ಕಳ ಪ್ರಾಣ ನಿಂತಿರುವುದು ಈ ಎರಡರ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರ್‌ಗೆಂದೇ ಒಂದು ಕಾರ್ಯಕ್ರಮ ಶುರು ಮಾಡಿತು. 2030ರೊಳಗೆ ಜಗತ್ತಿನಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಕನಿಷ್ಠ 60 ಮಂದಿ ಉಳಿಯಬೇಕು ಅನ್ನುವುದು ಗುರಿ. ಅದಕ್ಕಾಗಿ ಆರಿಸಿಕೊಂಡ ಆರು ಬಗೆಯ ಕ್ಯಾನ್ಸರ್‌ಗಳಲ್ಲಿ ರೆಟಿನೊಬ್ಲಾಸ್ಟೊಮಾ ಒಂದು, ಬೇಗ ಹಿಡಿದರೆ ಗುಣವಾಗುವ ಕಾಯಿಲೆ ಅನ್ನುವ ಕಾರಣಕ್ಕೆ.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿರಬಹುದು?

ನಾನೇ ಕೂತು ಲೆಕ್ಕ ಹಾಕಿದ್ದೇನೆ, ಅಂದಾಜು ಎಂದೇ ತಿಳಿಯಿರಿ. 2011ರ ಜನಗಣತಿಯಲ್ಲಿ ಕೋಲಾರ 15.36 ಲಕ್ಷ, ಚಿಕ್ಕಬಳ್ಳಾಪುರ 12.55 ಲಕ್ಷ, ತುಮಕೂರು 26.79 ಲಕ್ಷ. ಮೂರೂ ಸೇರಿ 54 ಲಕ್ಷದ ಮೇಲೆ. ಸಾವಿರ ಜನಕ್ಕೆ ವರ್ಷಕ್ಕೆ 16–17 ಹೆರಿಗೆ ಎಂದರೆ ಸುಮಾರು 90 ಸಾವಿರ ಮಕ್ಕಳು. ಹದಿನೇಳು ಹದಿನೆಂಟು ಸಾವಿರಕ್ಕೆ ಒಂದರಂತೆ ಮೂರು ಜಿಲ್ಲೆಗೂ ಸೇರಿ ವರ್ಷಕ್ಕೆ ಐದು ಮಕ್ಕಳು. ಕೋಲಾರಕ್ಕೆ ಒಂದೋ ಎರಡೋ.

ಐದೇ ಮಕ್ಕಳಾ ಅನಿಸಬಹುದು. ಅಷ್ಟು ಕಡಿಮೆ ಆಗಿರುವುದೇ ತೊಂದರೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಇಡೀ ಸೇವೆಯಲ್ಲಿ ಇಂಥ ಒಂದು ಮಗುವನ್ನೂ ನೋಡದೆ ನಿವೃತ್ತಿ ಆಗಬಹುದು. ನೋಡದ ಕಾಯಿಲೆ ನೆನಪಿಗೆ ಬರುವುದಿಲ್ಲ. ಹಾಗಾಗಿ ಇದು ಅಂಗನವಾಡಿ ಕಾರ್ಯಕರ್ತೆಗೂ ಅಜ್ಜಿಗೂ ಫೋಟೋ ತೆಗೆಯುವವನಿಗೂ ಗೊತ್ತಿರಬೇಕು.

ಬೆಂಗಳೂರು ಇಷ್ಟು ಹತ್ತಿರ ಇದ್ದೂ ಯಾಕೆ ತಡವಾಗುತ್ತದೆ?

ಕೋಲಾರದಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಒಳಗೆ. ದಿನಾ ಟೊಮೆಟೊ ಹೋಗುತ್ತದೆ, ಹಾಲು ಹೋಗುತ್ತದೆ, ಬಂಗಾರಪೇಟೆ ರೈಲಿನಲ್ಲಿ ಕೆಲಸಕ್ಕೆ ಸಾವಿರಾರು ಜನ ಹೋಗುತ್ತಾರೆ. ಮಗು ಮಾತ್ರ ಹೊರಡುವುದಿಲ್ಲ.

ಮೇಲೆ ಹೇಳಿದ ಮಗುವಿನ ವಿಷಯವನ್ನೇ ಹೇಳುತ್ತೇನೆ. ಮೊದಲು ಕಂಡಾಗ ದೃಷ್ಟಿ ತಗಲಿದೆ ಎಂದು ಮೆಣಸಿನಕಾಯಿ ಇಳಿ ತೆಗೆದರು. ಆಮೇಲೆ ಒಬ್ಬ ವೈದ್ಯರು ಟಾರ್ಚ್ ಹಾಕಿ ನೋಡಿ ಹನಿ ಬರೆದುಕೊಟ್ಟರು. ಪಾಪೆ ಅಗಲ ಮಾಡಿ ಒಳಗೆ ನೋಡಲಿಲ್ಲ. ಎರಡು ಬಾಟಲಿ ಮುಗಿದವು. ಆಮೇಲೆ ಮಾವಿನ ಸುಗ್ಗಿ ಬಂತು, ತೋಟ ಗುತ್ತಿಗೆಗೆ ತಗೊಂಡಿದ್ದರು, ಕಾಯಿ ಇಳಿಸಿ ಮಂಡಿ ಲೆಕ್ಕ ಆಗಲಿ ಎಂದರು. ಸುಗ್ಗಿ ಮುಗಿದ ಮೇಲೆ ಆಷಾಢ, ಹೊಸ ಕೆಲಸ ಬೇಡ ಎಂದರು. ಯಾರೂ ಕೆಟ್ಟವರಲ್ಲ, ಮಗುವನ್ನು ಪ್ರೀತಿಸದವರೂ ಅಲ್ಲ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ದಿನ ತಗೊಂಡರು, ಒಟ್ಟು ಏಳು ತಿಂಗಳಾಯಿತು. ಕಣ್ಣು ಉಳಿಯಲಿಲ್ಲ. ಮಗು ಉಳಿಯಿತು.

ಗ್ರಹಣದಲ್ಲಿ ತರಕಾರಿ ಹೆಚ್ಚಿದ್ದೆ, ಅದಕ್ಕೇ ಹೀಗಾಯಿತಾ?

ಇಲ್ಲಮ್ಮ. ದಯವಿಟ್ಟು ಇದನ್ನು ಮನಸ್ಸಿನಿಂದ ತೆಗೆದುಹಾಕಿ. ಗ್ರಹಣದಿಂದ ಬರುವುದಿಲ್ಲ, ಬಸುರಿಯಲ್ಲಿ ತಿಂದ ಪಪ್ಪಾಯಿಯಿಂದ ಬರುವುದಿಲ್ಲ, ಮೊಬೈಲ್ ನೋಡಿದ್ದಕ್ಕೆ ಬರುವುದಿಲ್ಲ, ಕಣ್ಣಿಗೆ ಕಾಡಿಗೆ ಹಚ್ಚಿದ್ದಕ್ಕೂ ಬರುವುದಿಲ್ಲ (ಕಾಡಿಗೆ ಬೇರೆ ಕಾರಣಕ್ಕೆ ಬೇಡ, ಅದು ಬೇರೆ ಮಾತು). ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆಯೂ ಕೇಳುತ್ತಾರೆ. ಫ್ಲೋರೈಡ್ ಹಲ್ಲು, ಮೂಳೆ ಹಾಳು ಮಾಡುವುದು ನಿಜ, ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ನಾನು ಹೇಳಬೇಕಿಲ್ಲ. ಈ ಕ್ಯಾನ್ಸರ್‌ಗೆ ಅದು ಕಾರಣ ಎನ್ನಲು ಆಧಾರವಿಲ್ಲ.

ಕಾರಣ ಇರುವುದು ಒಂದು ಜೀನ್‌ನಲ್ಲಿ. 13ನೇ ಕ್ರೋಮೋಸೋಮಿನ ಮೇಲಿರುವ ಅದರ ಹೆಸರು ಆರ್‌ಬಿ1. ಜೀವಕೋಶಕ್ಕೆ ‘ಸಾಕು, ನಿಲ್ಲು’ ಎಂದು ಬ್ರೇಕ್ ಹಾಕುವುದು ಅದರ ಕೆಲಸ. ಪ್ರತಿ ಕೋಶದಲ್ಲೂ ಅಪ್ಪನಿಂದ ಬಂದದ್ದು ಒಂದು, ಅಮ್ಮನಿಂದ ಬಂದದ್ದು ಒಂದು, ಎರಡು ಬ್ರೇಕ್ ಇರುತ್ತವೆ. ಎರಡೂ ಕೆಟ್ಟರೆ ಗಡ್ಡೆ ಬೆಳೆಯುತ್ತದೆ. ಆಲ್ಫ್ರೆಡ್ ನುಡ್ಸನ್ ಎಂಬ ಅಮೆರಿಕದ ವೈದ್ಯ 1971ರಲ್ಲಿ ರೋಗಿಗಳ ದಾಖಲೆ, ವಯಸ್ಸಿನ ಲೆಕ್ಕ ಇಟ್ಟುಕೊಂಡೇ ಈ ಎರಡು ಪೆಟ್ಟಿನ ವಿಚಾರ ಹೇಳಿದ್ದ. ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಕ್ಯಾನ್ಸರ್ ತಡೆಯುವ ಜೀನ್‌ಗಳಲ್ಲಿ ಮೊದಲು ಸಿಕ್ಕಿದ್ದೇ ಇದು. ದೊಡ್ಡವರ ಎಷ್ಟೋ ಕ್ಯಾನ್ಸರ್‌ಗಳ ಗುಟ್ಟು ತಿಳಿಯಲು ಈ ಪುಟ್ಟ ಮಕ್ಕಳ ಕಣ್ಣು ದಾರಿ ತೋರಿಸಿದೆ.

ಸೋದರಮಾವನನ್ನು ಮದುವೆಯಾಗಿದ್ದೇನೆ. ಅದರಿಂದ ಬಂತಾ? ಮುಂದಿನ ಮಗುವಿಗೂ ಬರುತ್ತದಾ?

ಸಂಬಂಧದಲ್ಲಿ ಮದುವೆಯಾದದ್ದು ಇದಕ್ಕೆ ಕಾರಣವಲ್ಲ. ಒಳಸಂಬಂಧದಿಂದ ಹೆಚ್ಚಾಗುವ ಕಾಯಿಲೆಗಳು ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ದೋಷ ಇದ್ದಾಗ ಬರುವಂಥವು. ಇದು ಹಾಗಲ್ಲ, ಒಬ್ಬರಿಂದ ಬಂದ ದೋಷವೇ ಸಾಕು, ಎರಡನೇ ಬ್ರೇಕ್ ಆಮೇಲೆ ಕಣ್ಣಿನ ಕೋಶದಲ್ಲಿ ತಾನಾಗಿ ಕೆಡುತ್ತದೆ.

ಸುಮಾರು 60 ಭಾಗ ಮಕ್ಕಳಲ್ಲಿ ಇದು ವಂಶದ್ದಲ್ಲ. ಒಂದೇ ಕಣ್ಣಿನಲ್ಲಿ, ಒಂದು ಜೀವಕೋಶದಲ್ಲಿ ತಾನಾಗಿ ಆದ ಎಡವಟ್ಟು. ಉಳಿದ 40 ಭಾಗ ಮಕ್ಕಳಲ್ಲಿ ಒಂದು ಬ್ರೇಕ್ ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲೂ ಕೆಟ್ಟಿರುತ್ತದೆ. ಎರಡೂ ಕಣ್ಣಿಗೆ ಬಂದಿದ್ದರೆ ಈ ಗುಂಪು ಎಂದೇ ತಿಳಿಯಬೇಕು. ಅಂಥವರು ದೊಡ್ಡವರಾಗಿ ಮಕ್ಕಳನ್ನು ಹೆತ್ತರೆ ಪ್ರತಿ ಮಗುವಿಗೂ ದೋಷ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಆದರೂ ಮನೆತನದಲ್ಲಿ ಮೊದಲೇ ಯಾರಿಗಾದರೂ ಬಂದಿತ್ತು ಅನ್ನುವುದು ಹತ್ತರಲ್ಲಿ ಒಂದು ಮಗುವಿನ ಮನೆಯಲ್ಲಿ ಮಾತ್ರ. ಬಹಳಷ್ಟು ಮಕ್ಕಳಲ್ಲಿ ದೋಷ ಹೊಸದಾಗಿ ಆಗಿರುತ್ತದೆ.

ರಕ್ತದ ಜೀನ್ ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಪರೀಕ್ಷೆ ಆಗಲಿ ಬಿಡಲಿ, ಒಂದು ಮಗುವಿಗೆ ಬಂದಿದ್ದರೆ ಅದರ ತಮ್ಮ ತಂಗಿಯರ ಕಣ್ಣನ್ನು ಹುಟ್ಟಿದ ಕೂಡಲೇ ತೋರಿಸಬೇಕು, ಆಮೇಲೂ ವೈದ್ಯರು ಹೇಳಿದ ಅವಧಿಗೆ ತೋರಿಸುತ್ತಿರಬೇಕು. ಅಪ್ಪ ಅಮ್ಮನ ಕಣ್ಣೊಳಗೂ ಒಮ್ಮೆ ನೋಡುತ್ತಾರೆ. ಬೇಡ ಅನ್ನಬೇಡಿ.

ಸೂಜಿ ಹಾಕಿ ತುಂಡು ತೆಗೆದು ಪರೀಕ್ಷೆ ಮಾಡುತ್ತಾರಾ?

ಬೇರೆ ಗಡ್ಡೆಗಳಿಗೆ ಮಾಡುತ್ತಾರೆ, ಇದಕ್ಕೆ ಮಾಡುವುದಿಲ್ಲ. ಸೂಜಿ ಚುಚ್ಚಿದ ದಾರಿಯಲ್ಲೇ ಕ್ಯಾನ್ಸರ್ ಹೊರಗೆ ಬರುವ ಅಪಾಯ ಇದೆ. ಕಣ್ಣೊಳಗೆ ನೋಡಿ, ಸ್ಕ್ಯಾನಿಂಗ್ ಮಾಡಿ ತೀರ್ಮಾನಿಸುತ್ತಾರೆ. ಗಡ್ಡೆಯೊಳಗೆ ಸುಣ್ಣ ಕಟ್ಟಿದ ಹಾಗೆ ಇರುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಕಣ್ಣಿನ ನರಕ್ಕೆ ಹರಡಿದೆಯಾ ಎಂದು ನೋಡಲು ಎಂಆರ್‌ಐ. ಇಷ್ಟು ಚಿಕ್ಕ ಮಗು ಅಲುಗಾಡದೆ ಮಲಗುವುದಿಲ್ಲವಾದ್ದರಿಂದ ಅರಿವಳಿಕೆ ಕೊಟ್ಟು ಎರಡೂ ಕಣ್ಣನ್ನು ಅಂಚಿನ ತನಕ ನೋಡುತ್ತಾರೆ.

ಅರಿವಳಿಕೆ ಕೊಡುವ ದಿನ ಅವರು ಹೇಳಿದ ಹೊತ್ತಿನಿಂದ ಮಗುವಿಗೆ ಹಾಲು, ತಿಂಡಿ ಏನೂ ಕೊಡಬಾರದು. ನಸುಕಿನ ಬಸ್ಸಿನಲ್ಲಿ ಮಗು ಅತ್ತಿತು ಎಂದು ಅಜ್ಜಿ ಸೆರಗಿನ ಗಂಟಿನಿಂದ ಒಂದು ಬಿಸ್ಕತ್ತು ತೆಗೆದು ಕೊಟ್ಟದ್ದಕ್ಕೆ ಅಂದಿನ ಪರೀಕ್ಷೆಯೇ ರದ್ದಾಗಿ ವಾಪಸ್ ಬಂದವರನ್ನು ನೋಡಿದ್ದೇನೆ. ಜೊತೆಗೆ ಬರುವ ಎಲ್ಲರಿಗೂ ಹಿಂದಿನ ರಾತ್ರಿಯೇ ಹೇಳಿಡಿ.

ಕಣ್ಣು ತೆಗೆಯಲೇಬೇಕಾ?

ಎಲ್ಲರಿಗೂ ಅಲ್ಲ. ಗಡ್ಡೆ ಚಿಕ್ಕದಿದ್ದರೆ ಲೇಸರ್‌ನಿಂದ ಸುಡುವುದು, ಅತಿ ತಣ್ಣನೆಯ ಸಲಾಕೆಯಿಂದ ಹೆಪ್ಪುಗಟ್ಟಿಸುವುದು ಸಾಕಾಗುತ್ತದೆ. ಸ್ವಲ್ಪ ದೊಡ್ಡದಿದ್ದರೆ ಕಿಮೊಥೆರಪಿ ಕೊಟ್ಟು ಕುಗ್ಗಿಸಿ, ಆಮೇಲೆ ಲೇಸರ್. ಸಾಮಾನ್ಯವಾಗಿ ವಿನ್‌ಕ್ರಿಸ್ಟಿನ್, ಕಾರ್ಬೊಪ್ಲಾಟಿನ್, ಎಟೊಪೊಸೈಡ್ ಎಂಬ ಮೂರು ಔಷಧಿ, ಮೂರು ನಾಲ್ಕು ವಾರಕ್ಕೊಮ್ಮೆ ಒಂದು ಸುತ್ತು. ಈಗ ಕಣ್ಣಿಗೆ ಹೋಗುವ ರಕ್ತನಾಳದೊಳಗೇ ಔಷಧಿ ಬಿಡುವ, ಕಣ್ಣಿನೊಳಗೇ ಚುಚ್ಚುಮದ್ದು ಕೊಡುವ ವಿಧಾನಗಳೂ ಇವೆ. ಹಿಂದೆ ಹೊರಗಿನಿಂದ ಕರೆಂಟು ಕೊಡುತ್ತಿದ್ದರು, ಅಂದರೆ ವಿಕಿರಣ. ವಂಶದ ದೋಷ ಇರುವ ಮಕ್ಕಳಿಗೆ ಅದರಿಂದ ಮುಂದೆ ಬೇರೆ ಕ್ಯಾನ್ಸರ್ ಬರುವುದು ಹೆಚ್ಚು ಎಂದು ತಿಳಿದ ಮೇಲೆ ಅದನ್ನು ಬಹಳ ಕಡಿಮೆ ಮಾಡಿದ್ದಾರೆ.

ಗಡ್ಡೆ ಕಣ್ಣು ತುಂಬಿ, ಆ ಕಣ್ಣಿನಿಂದ ಕಾಣುವ ಆಸೆಯೇ ಇಲ್ಲದಿದ್ದಾಗ ವೈದ್ಯರು ಕಣ್ಣು ತೆಗೆಯೋಣ ಅನ್ನುತ್ತಾರೆ. ಇಲ್ಲೇ ಎಷ್ಟೋ ಮನೆಯವರು ಮಗುವನ್ನು ಎತ್ತಿಕೊಂಡು ಊರಿಗೆ ವಾಪಸ್ ಬಂದುಬಿಡುತ್ತಾರೆ. ನನಗೆ ಅವರ ಮೇಲೆ ಕೋಪ ಬರುವುದಿಲ್ಲ. ಹಾಲು ಕುಡಿಯುವ ಮಗು, ನೋವೂ ಇಲ್ಲ, ಅದರ ಕಣ್ಣು ತೆಗೆಯಿರಿ ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಯಾವ ಅಪ್ಪನಿಗೂ ಸುಲಭವಲ್ಲ. ಆದರೆ ಮುಂದೆ ಏನಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳುವುದು ನನ್ನ ಕರ್ತವ್ಯ. ಕಣ್ಣಿನ ಹಿಂದೆ ಒಂದು ನರ ಇದೆ, ಅದು ನೇರ ಮೆದುಳಿಗೆ ಹೋಗುತ್ತದೆ. ಗಡ್ಡೆ ಆ ನರ ಹಿಡಿದು ಹೋದರೆ, ರಕ್ತ ಸೇರಿ ಮೂಳೆಗೆ ಹೋದರೆ, ಆಮೇಲೆ ಮಗುವನ್ನು ಉಳಿಸುವುದು ಬಹಳ ಕಷ್ಟ. ಕಣ್ಣೊಳಗೇ ಇದ್ದಾಗ ಪೂರ್ತಿ ಚಿಕಿತ್ಸೆ ಆದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಉಳಿಯುತ್ತಾರೆ.

ಎರಡನೇ ಅಭಿಪ್ರಾಯ ಕೇಳಬೇಕು ಅನಿಸಿದರೆ ಕೇಳಿ, ಅದು ನಿಮ್ಮ ಹಕ್ಕು. ಆದರೆ ಒಂದು ವಾರದೊಳಗೆ, ಇನ್ನೊಬ್ಬ ಕಣ್ಣಿನ ಕ್ಯಾನ್ಸರ್ ತಜ್ಞರಲ್ಲೇ ಕೇಳಿ.

ನೇತ್ರದಾನದಿಂದ ಬಂದ ಕಣ್ಣನ್ನು ಹಾಕಿಸಬಹುದಲ್ಲ?

ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ದಾನ ಮಾಡಿದ ಮೇಲೆ ನಮ್ಮ ಜನಕ್ಕೆ ನೇತ್ರದಾನದ ಬಗ್ಗೆ ಎಂಥ ಅರಿವು ಬಂತು! ಅದರಿಂದಲೇ ಈ ಪ್ರಶ್ನೆ. ದಾನದ ಕಣ್ಣಿನಿಂದ ಬಳಸುವುದು ಮುಂಭಾಗದ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾ ಮಾತ್ರ. ಪುನೀತ್ ಅವರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ಕಾಣಿಸಿತು. ಇಡೀ ಕಣ್ಣನ್ನು ಇನ್ನೊಬ್ಬರಿಗೆ ಹಾಕಿ ಕಾಣುವಂತೆ ಮಾಡುವ ಚಿಕಿತ್ಸೆ ಇನ್ನೂ ಬಂದಿಲ್ಲ.

ಹೆಣ್ಣುಮಗು. ಒಂದು ಕಣ್ಣಿಲ್ಲದಿದ್ದರೆ ನಾಳೆ ಮದುವೆ ಹೇಗೆ?

ಈ ಪ್ರಶ್ನೆಯನ್ನು ಅಪ್ಪಂದಿರು ದನಿ ತಗ್ಗಿಸಿ ಕೇಳುತ್ತಾರೆ. ಗಂಡುಮಗುವಾಗಿದ್ದರೆ ಕೇಳುತ್ತಿರಲಿಲ್ಲ ಅನ್ನುವುದು ಅವರಿಗೂ ಗೊತ್ತು. ಮದುವೆಗೆ ಇನ್ನೂ ಇಪ್ಪತ್ತು ವರ್ಷ ಇದೆ. ಆ ಇಪ್ಪತ್ತು ವರ್ಷ ಅವಳು ಬದುಕಬೇಕು ಅನ್ನುವುದು ಇವತ್ತಿನ ಪ್ರಶ್ನೆ.

ಕಣ್ಣು ತೆಗೆದಾಗ ಆ ಜಾಗ ಕುಸಿಯದಂತೆ ಒಳಗೆ ಒಂದು ಗುಂಡು ಇಡುತ್ತಾರೆ. ಗಾಯ ಮಾಗಿದ ಮೇಲೆ, ಸುಮಾರು ಆರು ವಾರಕ್ಕೆ, ಅಳತೆ ತೆಗೆದು ಕೃತಕ ಕಣ್ಣು ಮಾಡುತ್ತಾರೆ. ಮಾಡುವುದನ್ನು ನಾನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮಗುವನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಚೆನ್ನಾಗಿರುವ ಕಣ್ಣನ್ನು ನೋಡಿ ನೋಡಿ, ಎರಡೆಳೆ ಕೂದಲಿನ ಕುಂಚದಿಂದ ಪಾಪೆಯ ಸುತ್ತಲಿನ ಕಂದು ಗೆರೆಗಳನ್ನು ಬರೆದರು. ಬಿಳಿಭಾಗದಲ್ಲಿ ರಕ್ತನಾಳ ಕಾಣಬೇಕಲ್ಲ, ಅದಕ್ಕೆ ಕೆಂಪು ದಾರದ ನೂಲನ್ನು ಬಿಡಿಸಿ ಒಂದೊಂದೇ ಎಳೆ ಅಂಟಿಸಿದರು. ಹಾಕಿದ ಮೇಲೆ ಯಾವ ಕಣ್ಣು ಯಾವುದು ಎಂದು ಎರಡು ಸಲ ನೋಡಬೇಕಾಯಿತು. ಮಗು ಬೆಳೆದಂತೆ ಅಳತೆ ಬದಲಾಗುತ್ತದೆ, ಆಗಾಗ ಹೊಸದು ಬೇಕಾಗುತ್ತದೆ. ಕೈ ತೊಳೆದು ತೆಗೆದು, ಶುದ್ಧ ನೀರಲ್ಲಿ ತೊಳೆದು ಹಾಕುವುದನ್ನು ತಾಯಿಗೆ ಕಲಿಸಿಕೊಡುತ್ತಾರೆ.

ಒಂದು ಕಣ್ಣಿನಲ್ಲಿ ಓದು, ಆಟ, ಕೆಲಸ ಎಲ್ಲ ನಡೆಯುತ್ತದೆ. ಉಳಿದ ಕಣ್ಣನ್ನು ಕಾಪಾಡಲು ನಂಬರ್ ಇಲ್ಲದಿದ್ದರೂ ಗಟ್ಟಿ ಕನ್ನಡಕ ಹಾಕಿಸಿ. ಚಿನ್ನಿದಾಂಡಿನ ಹತ್ತಿರ ಬಿಡಬೇಡಿ.

ನಾಟಿ ಔಷಧಿ, ಕಣ್ಣಿಗೆ ಸೊಪ್ಪಿನ ರಸ?

ಬೇಡ. ರಸ ಕಣ್ಣಿನ ಮೇಲೆ ಬೀಳುತ್ತದೆ, ಗಡ್ಡೆ ಇರುವುದು ಒಳಗೆ, ಹಿಂದೆ. ಹರಕೆ ಹೊರಿ, ದೇವರಿಗೆ ಕೈಮುಗಿಯಿರಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಕೈಮುಗಿಯಿರಿ.

ಎಲ್ಲಿಗೆ ಹೋಗಬೇಕು? ದುಡ್ಡು ಎಷ್ಟಾಗುತ್ತದೆ?

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಅನುಮಾನ ಬಂದರೆ ಬೆಂಗಳೂರಿಗೆ ಕಳುಹಿಸುತ್ತಾರೆ. ಸರ್ಕಾರದ್ದು ಎಂದರೆ ಕಣ್ಣಿಗೆ ಚಾಮರಾಜಪೇಟೆಯ ಮಿಂಟೊ, ಕ್ಯಾನ್ಸರ್‌ಗೆ ಕಿದ್ವಾಯಿ. ನಾರಾಯಣ ನೇತ್ರಾಲಯದಲ್ಲೂ ಈ ಕಾಯಿಲೆಗೆ ಚಿಕಿತ್ಸೆ ಇದೆ.

ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಕೇಳಿ ತಗೊಳ್ಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಗಂಡನಿಗೆ ಕೂಲಿ ತಪ್ಪುತ್ತದೆ ಎಂದಾದರೆ ಅಜ್ಜಿಯನ್ನು ಕರೆದುಕೊಂಡು ತಾಯಿಯೇ ಹೊರಡಬಹುದು. ಹೊರಟ ತಾಯಂದಿರಿದ್ದಾರೆ.

ಗುಣವಾದ ಮೇಲೂ ಯಾಕೆ ಕರೆಯುತ್ತಾರೆ?

ಹೊಸ ಗಡ್ಡೆ ಬರಬಹುದು, ಅದೇ ಕಣ್ಣಲ್ಲೋ ಇನ್ನೊಂದರಲ್ಲೋ. ಶುರುವಿನಲ್ಲಿ ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ವಂಶದ ದೋಷ ಇರುವವರಿಗೆ ಮುಂದೆ ಮೂಳೆಯ ಕ್ಯಾನ್ಸರ್‌ನಂಥವು ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಹಾಗಾಗಿ ಅವರು ಜೀವನಪೂರ್ತಿ ಆಗಾಗ ತೋರಿಸಿಕೊಳ್ಳಬೇಕು. ಕಾಲಲ್ಲಿ ಗಂಟು, ಹೋಗದ ನೋವು ಬಂದರೆ ಈ ಹಳೆಯ ಕಾಯಿಲೆಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ನಾನು ಅಂಗನವಾಡಿ ಕಾರ್ಯಕರ್ತೆ / ಆಶಾ. ನಾವು ಏನು ಮಾಡಬಹುದು?

ನಿಮ್ಮಷ್ಟು ಹತ್ತಿರದಿಂದ ಈ ವಯಸ್ಸಿನ ಮಕ್ಕಳನ್ನು ನೋಡುವವರು ಬೇರೆ ಯಾರೂ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದ ದಿನ ಬಾಗಿಲು ಹಾಕಿ, ಕಿಟಕಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿಕೊಡಿ. ಕತ್ತಲಲ್ಲಿ ಪಾಪೆ ತಾನೇ ಅಗಲವಾಗುತ್ತದೆ. ಆಪ್ತಾಲ್ಮೋಸ್ಕೋಪ್ ಎಂಬ ಚಿಕ್ಕ ಸಾಧನದ ಬೆಳಕನ್ನು ಒಂದು ತೋಳಳತೆ ದೂರದಿಂದ ಎರಡೂ ಕಣ್ಣಿಗೆ ಬಿಟ್ಟು ನೋಡಿದರೆ, ಸರಿಯಾದ ಕಣ್ಣಿನಲ್ಲಿ ಕಿತ್ತಳೆ ಕೆಂಪು ಬೆಳಕು ಎರಡರಲ್ಲೂ ಒಂದೇ ಸಮ ವಾಪಸ್ ಬರುತ್ತದೆ. ಒಂದರಲ್ಲಿ ಮಂಕು, ಕಪ್ಪು ಅಥವಾ ಬಿಳಿ ಕಂಡರೆ ಆ ಮಗುವನ್ನು ಕಳುಹಿಸಬೇಕು. ಒಂದು ಮಗುವಿಗೆ ಅರ್ಧ ನಿಮಿಷ ಸಾಕು, ಮಗು ತಾಯಿಯ ತೊಡೆಯ ಮೇಲೇ ಇರಬಹುದು.

ಕಳುಹಿಸಿದಿರಿ ಎಂದ ಮಾತ್ರಕ್ಕೆ ಹೋದರು ಎಂದಲ್ಲ. ಮೂರನೇ ದಿನ ಮನೆ ಬಾಗಿಲಿಗೆ ಹೋಗಿ ಕೇಳಿ. ಚಿಕಿತ್ಸೆ ಶುರುವಾದ ಮೇಲೂ ಪ್ರತಿ ಸುತ್ತಿನ ತಾರೀಖು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಇವತ್ತೇ ಫೋಟೋದಲ್ಲಿ ಬೆಳ್ಳಗೆ ಕಂಡಿದೆ. ಏನು ಮಾಡಲಿ?

ನಾಳೆ ಬೆಳಿಗ್ಗೆ ಹೊರಡಿ. ಆ ಫೋಟೋ ಅಳಿಸಬೇಡಿ, ಕತ್ತರಿಸಬೇಡಿ. ವಾಟ್ಸ್ಯಾಪ್‌ನಲ್ಲಿ ಕಳುಹಿಸಿದರೆ ಮಸುಕಾಗುತ್ತದೆ, ಮೊಬೈಲನ್ನೇ ಚಾರ್ಜ್ ಮಾಡಿ ತಗೊಂಡು ಹೋಗಿ. ಹಳೆಯ ಫೋಟೋಗಳನ್ನೂ ಇವತ್ತು ರಾತ್ರಿಯೇ ಕೂತು ನೋಡಿ, ಯಾವ ತಿಂಗಳಿಂದ ಕಾಣುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ತಾಯಿ ಕಾರ್ಡ್, ಮಗುವಿನ ಆಧಾರ್, ರೇಷನ್ ಕಾರ್ಡ್, ಇದುವರೆಗೆ ಹಾಕಿದ ಹನಿಗಳ ಬಾಟಲಿ, ಒಂದು ಜೊತೆ ಬಟ್ಟೆ. ಪಾಪೆ ಅಗಲ ಮಾಡುವ ಹನಿ ಹಾಕಿದ ಮೇಲೆ ಬಿಸಿಲಿಗೆ ಮಗು ಕಣ್ಣು ಮುಚ್ಚಿ ಅಳುತ್ತದೆ, ತಲೆಗೆ ಕಟ್ಟಲು ಒಂದು ಟೋಪಿ ಇಟ್ಟುಕೊಳ್ಳಿ. ‘ಕಣ್ಣಲ್ಲಿ ಬೆಳ್ಳಗೆ ಹೊಳೆಯುತ್ತದೆ, ಹನಿ ಹಾಕಿ ಒಳಗೆ ನೋಡಿ’ ಎಂದು ಹೇಳಿ, ಇದೇ ಮಾತಲ್ಲಿ. ಟಾರ್ಚ್ ಹಾಕಿ ಕಳುಹಿಸಿದರೆ ಇನ್ನೊಮ್ಮೆ ಹೇಳಿ.